ವಾಯಿದೆ ಮೀರಿದ ಸಾಲದ ಸಹಿ

ಮುಂಬೈಯ ಪವಾಯಿಯ ಹೌಸಿಂಗ್ ಸೊಸೈಟಿಗಳ ವಾರ್ಷಿಕ ಮಹಾಸಭೆಯಲ್ಲಿ ಬಾಕಿದಾರರ ಪಟ್ಟಿ ಓದುವ ಹೊತ್ತಿಗೆ ಒಂದು ವಾದ ಏಳುವುದುಂಟು: ‘ಮೂರು ವರ್ಷಕ್ಕಿಂತ ಹಳೆಯ ಮೆಂಟೆನೆನ್ಸ್ ಕೇಳುವ ಹಾಗಿಲ್ಲ, ಅದು ಟೈಮ್ ಬಾರ್.’ ಹೇಳುವವರು ಓದಿದವರೇ. ಆದರೆ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ 92ನೇ ಕಲಮು ಬೇರೆಯೇ ಹೇಳುತ್ತದೆ. ಸದಸ್ಯನಿಂದ ಸಂಘಕ್ಕೆ ಬರಬೇಕಾದ ಹಣದ ಕಾಲಮಿತಿಯನ್ನು ಆತ ತೀರಿಕೊಂಡ ದಿನದಿಂದ, ಇಲ್ಲವೇ ಸದಸ್ಯತ್ವ ಹೋದ ದಿನದಿಂದ ಎಣಿಸಬೇಕು. ಫ್ಲ್ಯಾಟಿನ ಯಜಮಾನ ಸದಸ್ಯನಾಗಿ ಇರುವಷ್ಟು ಕಾಲ ಬಾಕಿಗೆ ವಯಸ್ಸೇ ಆಗುವುದಿಲ್ಲ.

ಈ ‘ಮೂರು ವರ್ಷ’ ಈಗ ಮೊಬೈಲಿನಲ್ಲಿ ಮೂವತ್ತು ಸೆಕೆಂಡಿನ ಕಾನೂನು ಪಾಠವಾಗಿದೆ. ಕ್ರೆಡಿಟ್ ಕಾರ್ಡ್ ಕಟ್ಟಬೇಡಿ, ಫೋನ್ ಎತ್ತಬೇಡಿ, ಮೂರು ವರ್ಷ ದಾಟಿಸಿ, ಸಾಲ ಸತ್ತಿತು. ಹೀಗೆ ಹೇಳುವವರಿಗೆ ಕಾಲಮಿತಿ ಕಾಯ್ದೆಯ ಒಂದು ಅಂಕಿ ಗೊತ್ತು, ಅದರ ಇತಿಹಾಸ ಗೊತ್ತಿಲ್ಲ. ಇತಿಹಾಸವನ್ನು ಬಲ್ಲ ವಕೀಲರೂ ಬ್ಯಾಂಕಿನ ಕಾನೂನು ಅಧಿಕಾರಿಗಳೂ ಅದನ್ನು ಸಾಲಗಾರನ ಕಡೆಯಿಂದ ಬರೆದದ್ದು ಕಡಿಮೆ.

ಹಳೆಯ ಕಾಲವನ್ನು ಬೇಗ ದಾಟಬಹುದು. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರಾ ಸಂಪ್ರದಾಯದಲ್ಲಿ ಸಾಲಕ್ಕೆ ವಾಯಿದೆ ಮೀರುವ ಮಾತೇ ಇರಲಿಲ್ಲ. ತಂದೆಯ ಸಾಲ ಮಗನ ಧರ್ಮ. ಮಿತಿ ಇದ್ದದ್ದು ಬಡ್ಡಿಗೆ. ದಾಮದುಪ್ಪಟ್ಟು ನಿಯಮದ ಪ್ರಕಾರ ಒಂದೇ ಸಲಕ್ಕೆ ವಸೂಲಾಗುವ ಬಡ್ಡಿ ಅಸಲನ್ನು ಮೀರಕೂಡದು. ಧಾರವಾಡ, ಬೆಳಗಾವಿಗಳೂ ಸೇರಿದ್ದ ಮುಂಬೈ ಪ್ರಾಂತದ ಕೋರ್ಟುಗಳು ಇದನ್ನು ಬ್ರಿಟಿಷರ ಕಾಲದಲ್ಲೂ ಪಾಲಿಸಿದವು. 1866ರ ಮುಂಬೈ ಕಾಯ್ದೆಯೊಂದು ಹಿರಿಯರ ಸಾಲದ ಹೊಣೆಯನ್ನು ವಾರಸುದಾರನಿಗೆ ಬಂದ ಆಸ್ತಿಯಷ್ಟಕ್ಕೆ ಕಟ್ಟಿಹಾಕಿತು. ಪಿತೃಋಣದ ಹೊಣೆಯನ್ನೇ ದೇಶವಿಡೀ ತೆಗೆದುಹಾಕಿದ್ದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ, ಅದೂ ಆಮೇಲೆ ಮಾಡಿದ ಸಾಲಗಳಿಗೆ ಮಾತ್ರ.

1859ರ ಕಾಲಮಿತಿ ಕಾಯ್ದೆ ನೋಂದಣಿಯಾಗದ ಸಾಲಪತ್ರಗಳಿಗೆ ಮೂರು ವರ್ಷದ ಗಡುವು ಹಾಕಿತು. ಹಳೆಯ ಸುಳ್ಳು ಲೆಕ್ಕಗಳಿಂದ ರೈತನನ್ನು ಕಾಪಾಡುವುದು ಉದ್ದೇಶ. ಆದದ್ದು ತಿರುವುಮುರುವು. ಮೂರು ವರ್ಷ ತುಂಬುವ ಮೊದಲೇ ಸಾಹುಕಾರ ಬಂದು ಅಸಲು, ಬಡ್ಡಿ ಎರಡನ್ನೂ ಕೂಡಿಸಿ ಹೊಸ ಬಾಂಡ್ ಬರೆಸಿಕೊಳ್ಳತೊಡಗಿದ. ನಿನ್ನೆಯ ಬಡ್ಡಿ ಇಂದಿನ ಅಸಲಾಯಿತು. ಬರೆಯದಿದ್ದರೆ ದಾವೆ, ಬರೆದರೆ ಚಕ್ರಬಡ್ಡಿ. 1875ರ ಮೇನಲ್ಲಿ ಪುಣೆ ಜಿಲ್ಲೆಯ ಸೂಪಾದಲ್ಲಿ ಶುರುವಾದ ದಖ್ಖನ್ ದಂಗೆಯಲ್ಲಿ ರೈತರು ಹುಡುಕಿ ಸುಟ್ಟದ್ದು ಮುಖ್ಯವಾಗಿ ಸಾಲಪತ್ರಗಳನ್ನು. ಅದರ ಬೆನ್ನಿಗೆ ಬಂದ 1879ರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಪುಣೆ, ಸಾತಾರಾ, ಅಹಮದ್‌ನಗರ ಮತ್ತು ಕನ್ನಡಿಗರೂ ಇದ್ದ ಸೊಲ್ಲಾಪುರ ಜಿಲ್ಲೆಗಳಲ್ಲಿ ಗಡುವನ್ನು ಕಡಿಮೆ ಮಾಡಲಿಲ್ಲ, ಹೆಚ್ಚಿಸಿತು. ಸಾಲಗಾರನ ಹಿತಕ್ಕೆಂದೇ ಗಡುವು ಉದ್ದವಾದ ಈ ಅಧ್ಯಾಯ ಕಾನೂನು ಕಾಲೇಜುಗಳ ಪಾಠದಲ್ಲಿ ಅಡಿಟಿಪ್ಪಣಿಯಾಗಿ ಉಳಿದಿದೆ. ಅಲ್ಲಿ ಹೇಳುವುದು ಇಂಗ್ಲೆಂಡಿನ 1623ರ ಕಾಯ್ದೆಯ ಕತೆ.

ಈ ಕಾನೂನಿಗೆ ಸ್ವಾತಂತ್ರ್ಯಾನಂತರದ ತಳಪಾಯ ಬಿದ್ದದ್ದು ಮುಂಬೈಯ ಗಿರಣಿಯೊಂದರಿಂದ. ಕಾರ್ಮಿಕರು ಬಂದು ಪಡೆಯದೆ ಗಿರಣಿಗಳಲ್ಲಿ ಉಳಿದಿದ್ದ ಸಂಬಳದ ಹಣವನ್ನು ಕಲ್ಯಾಣ ನಿಧಿಗೆ ಕೊಡಿ ಎಂದು 1953ರ ಮುಂಬೈ ಕಾರ್ಮಿಕ ಕಲ್ಯಾಣ ನಿಧಿ ಕಾಯ್ದೆ ಹೇಳಿತು. ಬಾಂಬೆ ಡೈಯಿಂಗ್ ಕಂಪನಿ ಕೋರ್ಟಿಗೆ ಹೋಯಿತು. 1957ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ಎರಡು ಮುಖಗಳಿದ್ದವು. ಮೂರು ವರ್ಷ ಕಳೆದರೆ ಕಾರ್ಮಿಕ ದಾವೆ ಹೂಡಲಾರ, ಆದರೆ ಕಂಪನಿ ಅವನಿಗೆ ಕೊಡಬೇಕಾದ ಸಾಲ ಹಾಗೇ ಇರುತ್ತದೆ. ಕಾಲಮಿತಿ ಪರಿಹಾರವನ್ನು ತಡೆಯುತ್ತದೆ, ಹಕ್ಕನ್ನು ಅಳಿಸುವುದಿಲ್ಲ. ಸಾಲ ಬದುಕಿರುವುದರಿಂದಲೇ, ಕಂಪನಿಯನ್ನು ಋಣಮುಕ್ತ ಮಾಡದೆ ಹಣ ಮಾತ್ರ ಕಿತ್ತುಕೊಳ್ಳುವ ಕಲಮು ನಿಲ್ಲುವುದಿಲ್ಲ ಎಂದು ಅದನ್ನು ಹೊಡೆದುಹಾಕಿತು. ಕಾರ್ಮಿಕನ ಹಕ್ಕು ಜೀವಂತ ಎಂದು ಸಾರಿದ ತೀರ್ಪಿನ ದಿನ ಹಣ ಗಿರಣಿಯಲ್ಲೇ ಉಳಿಯಿತು. ಮುಂದೆ ಈ ತತ್ವವನ್ನು ಹೆಚ್ಚಾಗಿ ಬಳಸಿಕೊಂಡವರು ಸಾಲ ಕೊಟ್ಟವರು. 1992ರಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣದಲ್ಲಿ ಜಾಮೀನುದಾರ ಭದ್ರತೆಯಾಗಿಟ್ಟ ಠೇವಣಿಯನ್ನು ಬ್ಯಾಂಕು ಸಾಲಕ್ಕೆ ವಜಾ ಹಾಕಿಕೊಂಡದ್ದನ್ನು ಇದೇ ತತ್ವದ ಮೇಲೆ ಸುಪ್ರೀಂ ಕೋರ್ಟ್ ಒಪ್ಪಿತು.

1963ರ ಕಾಲಮಿತಿ ಕಾಯ್ದೆಯ ಒಂದು ಗುಣವನ್ನು ಮೆಚ್ಚಲೇಬೇಕು. ಪ್ರತಿವಾದಿ ಬಾಯಿ ಬಿಡದಿದ್ದರೂ, ವಾಯಿದೆ ಮೀರಿದ ದಾವೆಯನ್ನು ಕೋರ್ಟು ತಾನಾಗಿ ವಜಾ ಮಾಡಬೇಕು ಎನ್ನುತ್ತದೆ 3ನೇ ಕಲಮು. ಇಂಗ್ಲೆಂಡಿನಲ್ಲಿ ಪ್ರತಿವಾದಿಯೇ ಆ ಆಕ್ಷೇಪ ಎತ್ತಬೇಕು. ಕೋರ್ಟಿನ ಒಳಗೆ ನಮ್ಮ ಸಾಲಗಾರನಿಗೆ ಕಾವಲಿದೆ. ತೊಂದರೆ ಇರುವುದು ಕೋರ್ಟಿನ ಹೊರಗೆ.

ಸಹಿಯಿಂದ ಸಾಲಕ್ಕೆ ಮರುಜೀವ ಬರುವುದು ಎರಡು ದಾರಿಯಲ್ಲಿ. ಗಡುವು ಮುಗಿಯುವ ಮೊದಲು ಸಾಲ ಹೌದೆಂದು ಬರೆದು ಸಹಿ ಮಾಡಿದರೆ 18ನೇ ಕಲಮಿನಂತೆ ಆ ದಿನದಿಂದ ಹೊಸದಾಗಿ ಮೂರು ವರ್ಷ. ಬ್ಯಾಂಕಿನಲ್ಲಿ ‘ರಿವೈವಲ್ ಲೆಟರ್’ ಎನ್ನುವ ಒಂದು ಹಾಳೆಯ ನಮೂನೆ ಇದಕ್ಕಾಗಿಯೇ ಇದೆ. ಖಾತೆ ನಂಬರು, ಇಂಥ ತಾರೀಖಿಗೆ ಇಷ್ಟು ಬಾಕಿ ಎಂಬ ಸಾಲು, ಕೆಳಗೆ ಸಾಲಗಾರನ ಮತ್ತು ಜಾಮೀನುದಾರನ ಸಹಿಗೆ ಜಾಗ. ‘ರಿನ್ಯೂವಲ್ ಫಾರ್ಮ್ಯಾಲಿಟಿ’ ಎಂದರೆ ಸಾಕು, ಜನ ಓದದೆ ಸಹಿ ಹಾಕುತ್ತಾರೆ. ಸೂಪಾದ ಸಾಹುಕಾರನ ಬಾಂಡಿಗೂ ಇದಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. ಇನ್ನೊಂದು ದಾರಿ 1872ರ ಕರಾರು ಕಾಯ್ದೆಯ 25(3). ಗಡುವು ಮುಗಿದ ಮೇಲೂ ಸಾಲಗಾರ ತೀರಿಸುತ್ತೇನೆಂದು ಬರೆದು ಸಹಿ ಮಾಡಿದರೆ ಅದೇ ಹೊಸ ಕರಾರು. ಮುಗಿದ ಮೇಲೆ ‘ಬಾಕಿ ಇರುವುದು ನಿಜ’ ಎಂದಷ್ಟೇ ಬರೆದರೆ ಸಾಲ ಏಳುವುದಿಲ್ಲ. ‘ಮುಂದಿನ ತಿಂಗಳಿನಿಂದ ಕಂತಿನಲ್ಲಿ ಕಟ್ಟುತ್ತೇನೆ’ ಎಂದು ಸೇರಿಸಿದರೆ ಎದ್ದು ಕೂರುತ್ತದೆ. ಸೆಟ್ಲ್‌ಮೆಂಟ್ ಕೇಳಿ ಬರೆಯುವ ಅರ್ಜಿಗಳಲ್ಲಿ ಈ ಎರಡನೇ ವಾಕ್ಯ ತಾನಾಗಿ ಬಂದು ಕೂತಿರುತ್ತದೆ.

ಕಳೆದ ಎರಡು ದಶಕಗಳ ಬೆಳವಣಿಗೆಯೆಲ್ಲ ಈ ಸಹಿಯ ಸುತ್ತಲೇ ನಡೆದಿದೆ. 2002ರಲ್ಲಿ ಕರ್ನಾಟಕದಿಂದ ಹೋದ ಚೆಕ್ ಬೌನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 25(3)ನ್ನು ನೆನಪಿಸಿ, ಸಾಲ ಹಳೆಯದೆಂಬ ಕಾರಣಕ್ಕೆ ಫಿರ್ಯಾದನ್ನು ಹೊಸ್ತಿಲಲ್ಲೇ ತಳ್ಳಿಹಾಕುವ ಹಾಗಿಲ್ಲ ಎಂದಿತು. 2012ರಲ್ಲಿ ಬಾಂಬೆ ಹೈಕೋರ್ಟಿನ ದ್ವಿಸದಸ್ಯ ಪೀಠ ಇನ್ನೂ ಮುಂದೆ ಹೋಗಿ, ವಾಯಿದೆ ಮೀರಿದ ಸಾಲಕ್ಕೆ ಕೊಟ್ಟ ಚೆಕ್ಕೇ 25(3)ರ ವಾಗ್ದಾನ ಎಂದಿತು. ಸಿವಿಲ್ ಕೋರ್ಟಿನಲ್ಲಿ ಮುಚ್ಚಿದ ಬಾಗಿಲು ಕ್ರಿಮಿನಲ್ ಕೋರ್ಟಿನಲ್ಲಿ ತೆರೆಯಿತು. ಬರೆದುಕೊಟ್ಟ ಚೆಕ್ಕಿನ ಮಟ್ಟಿಗೆ ಈ ತರ್ಕ ಸರಿ. ಸಾಲ ಕೊಡುವಾಗಲೇ ಭದ್ರತೆಗೆಂದು ಖಾಲಿ ಚೆಕ್ ತೆಗೆದಿಟ್ಟುಕೊಂಡು ವರ್ಷಗಟ್ಟಲೆ ಬಿಟ್ಟು ತಾರೀಖು ತುಂಬಿಸಿದರೆ ಅಲ್ಲಿ ವಾಗ್ದಾನ ಮಾಡಿದವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಸುದರ್ಶನ್ ಕಾರ್ಗೋಸ್ ಪ್ರಕರಣದಲ್ಲಿ ಇಮೇಲ್ ಕೂಡ 18ನೇ ಕಲಮಿನ ಒಪ್ಪಿಗೆ ಆಗಬಲ್ಲದು ಎಂದಿತು. ಸಹಿಗೆ ಈಗ ಪೆನ್ನೂ ಬೇಡ.

ಕಾರ್ಪೊರೇಟ್ ಸಾಲದ ದಿವಾಳಿ ಸಂಹಿತೆಯ ಕತೆ ಚೆನ್ನಾಗಿ ದಾಖಲಾಗಿದೆ, ಬಹುಶಃ ಅಗತ್ಯಕ್ಕಿಂತ ಹೆಚ್ಚು. 2016ರ ಸಂಹಿತೆಗೆ 2018ರಲ್ಲಿ 238ಎ ಕಲಮು ಸೇರಿ ಕಾಲಮಿತಿ ಅನ್ವಯವಾಯಿತು. ಅದು ಮೊದಲಿನಿಂದಲೇ ಅನ್ವಯ ಎಂದು ಅದೇ ವರ್ಷದ ಅಕ್ಟೋಬರಿನಲ್ಲಿ ಬಿ.ಕೆ. ಎಜುಕೇಷನಲ್ ತೀರ್ಪು ಹೇಳಿತು. ಆಮೇಲೆ ಬಾಗಿಲು ಸಡಿಲವಾಗುತ್ತ ಹೋಯಿತು. 2021ರ ಏಪ್ರಿಲಿನಲ್ಲಿ, ಕಂಪನಿಯ ಬ್ಯಾಲೆನ್ಸ್ ಶೀಟಿನ ನಮೂದೂ ಸಾಲದ ಒಪ್ಪಿಗೆಯಾಗಬಹುದು ಎಂದಾಯಿತು. ಆಗಸ್ಟಿನಲ್ಲಿ ಡೇನಾ ಬ್ಯಾಂಕ್ ತೀರ್ಪು ಬಂತು: ಕಾವೇರಿ ಟೆಲಿಕಾಂ ಖಾತೆ 2013ರ ಡಿಸೆಂಬರಿನಲ್ಲೇ ಅನುತ್ಪಾದಕವಾಗಿದ್ದರೂ, ಸಾಲ ವಸೂಲಾತಿ ನ್ಯಾಯಮಂಡಳಿಯ 2017ರ ಆದೇಶ ಬ್ಯಾಂಕಿಗೆ ಹೊಸ ಮೂರು ವರ್ಷ ಕೊಡುತ್ತದೆ. ತೀರ್ಪು ಬರುವ ವೇಳೆಗೆ ಡೇನಾ ಬ್ಯಾಂಕ್ ಎಂಬ ಬ್ಯಾಂಕೇ ಇರಲಿಲ್ಲ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿತ್ತು. ಸಾಲ ಇತ್ತು.

ಸರ್ಕಾರಿ ಬಾಕಿಯದು ಪ್ರತ್ಯೇಕ ದಾರಿ. ಭೂಕಂದಾಯದಂತೆ ವಸೂಲಿ ಮಾಡುವ ಅಧಿಕಾರವಿದ್ದರೂ ವಾಯಿದೆ ಮೀರಿದ ಸಾಲಕ್ಕೆ ಅದನ್ನು ಬಳಸುವ ಹಾಗಿಲ್ಲ ಎಂದು 1999ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಬಾಂಬೆ ಡೈಯಿಂಗ್ ಮಾರ್ಗಕ್ಕೆ ಹಾಕಿದ ದೊಡ್ಡ ತಡೆ ಅದು. 2024ರ ಮೇನಲ್ಲಿ ಹರಿಯಾಣದ ಪ್ರಕರಣದ ನೆಪದಲ್ಲಿ ಈ ಪ್ರಶ್ನೆ ದೊಡ್ಡ ಪೀಠದ ಮುಂದೆ ಹೋಯಿತು.

ಇಷ್ಟೆಲ್ಲದರ ನಡುವೆ ಸಣ್ಣ ಸಾಲಗಾರನ ಬಗ್ಗೆ ಬರೆದದ್ದು ತೀರಾ ಕಡಿಮೆ. ಐದು ವರ್ಷ ಹಳೆಯ ಪರ್ಸನಲ್ ಲೋನ್ ಕೈಬದಲಾಗುತ್ತ ಯಾವುದೋ ವಸೂಲಿ ಏಜೆನ್ಸಿಯ ಫೋನಿಗೆ ಬಂದಾಗ ಆ ಕಡೆಯ ದನಿ ಕೋರ್ಟಿನ ಹೆಸರು ಹೇಳುತ್ತದೆ, ಕೋರ್ಟು ಮುಚ್ಚಿರುವುದನ್ನು ಹೇಳುವುದಿಲ್ಲ. ಸ್ಕಾಟ್ಲೆಂಡಿನಲ್ಲಿ 1973ರ ಕಾಯ್ದೆಯಂತೆ ಇಂಥ ಸಾಲ ಐದು ವರ್ಷಕ್ಕೆ ಪೂರ್ತಿ ಅಳಿಯುತ್ತದೆ. ಅಮೆರಿಕದಲ್ಲಿ ವಾಯಿದೆ ಮೀರಿದ ಸಾಲಕ್ಕೆ ದಾವೆ ಹೂಡುತ್ತೇನೆಂದು ವಸೂಲಿಗಾರ ಬೆದರಿಸುವುದೂ 2021ರ ನವೆಂಬರಿನಿಂದ ನಿಷಿದ್ಧ. ಇಲ್ಲಿ ಸುಸ್ತಿಯ ದಾಖಲೆ ಕ್ರೆಡಿಟ್ ಮಾಹಿತಿ ಕಂಪನಿಗಳಲ್ಲಿ ಕನಿಷ್ಠ ಏಳು ವರ್ಷ ಕೂತಿರುತ್ತದೆ, ದಾವೆಯ ಗಡುವಿನ ಎರಡು ಪಟ್ಟಿಗೂ ಹೆಚ್ಚು. ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಸಾಲಗಾರನಿಗೆ ಫೋನ್ ಮಾಡಬೇಡಿ ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಹೇಳಿತು. ಕೇಳುತ್ತಿರುವ ಸಾಲದ ಕೊನೆಯ ಕಂತು ಯಾವಾಗ ಬಂತು, ದಾವೆಯ ಗಡುವು ಯಾವ ತಾರೀಖಿಗೆ ಮುಗಿಯಿತು ಎಂಬ ಎರಡು ಸಾಲನ್ನು ನೋಟಿಸಿನ ಮೇಲೆ, ಸೆಟ್ಲ್‌ಮೆಂಟ್ ಅರ್ಜಿಯ ತಲೆಯಲ್ಲಿ, ಸಹಿಗೆ ಮೊದಲೇ ಕಾಣುವಂತೆ ಅಚ್ಚು ಹಾಕಿಸುವುದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ. ರಿಸರ್ವ್ ಬ್ಯಾಂಕಿನ ಇನ್ನೊಂದು ಸುತ್ತೋಲೆ ಸಾಕು.