ಭಾಸ್ಕರಾಚಾರ್ಯನು ಬಿಟ್ಟ ಉತ್ತರ

ನೃಪತುಂಗನೆಂದೊಡನೆ ನಮಗೆ ನೆನಪಾಗುವುದು ಕವಿರಾಜಮಾರ್ಗ. ಅದೇ ಅಮೋಘವರ್ಷನನ್ನು ಸ್ತುತಿಸಿ ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನೆಂಬುದನ್ನು ಸಾಹಿತ್ಯದವರಾದ ನಾವು ಅಷ್ಟಾಗಿ ನೆನೆಯುವುದಿಲ್ಲ. ಧನಸಂಖ್ಯೆಯ ವರ್ಗವೂ ಧನ, ಋಣಸಂಖ್ಯೆಯ ವರ್ಗವೂ ಧನ; ಆದ್ದರಿಂದ ಮೂಲವು ಧನವೂ ಆಗಬಹುದು, ಋಣವೂ ಆಗಬಹುದು ಎಂದು ಅವನು ಹೇಳಿದ್ದಾನೆ. 2ರ ವರ್ಗ 4. ಋಣ 2ರ ವರ್ಗವೂ 4. ವರ್ಗ ಮಾಡಿದೊಡನೆ ಚಿಹ್ನೆ ಅಳಿಸಿಹೋಗುತ್ತದೆ. ಬರಿಯ ನಾಲ್ಕನ್ನು ಕಂಡವನಿಗೆ ಅದು ಯಾವುದರಿಂದ ಹುಟ್ಟಿತೆಂದು ತಿಳಿಯದು.

ಇದರಿಂದ ಬರುವ ತೊಡಕನ್ನು 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ನೋಡಬಹುದು. ಅಲ್ಲೊಂದು ಕಪಿಗಳ ಲೆಕ್ಕವಿದೆ. ಹಿಂಡಿನ ಐದರಲ್ಲೊಂದು ಪಾಲಿನಿಂದ ಮೂರನ್ನು ಕಳೆದು, ಉಳಿದುದನ್ನು ವರ್ಗ ಮಾಡಿದರೆ ಬರುವಷ್ಟು ಕಪಿಗಳು ಗುಹೆಯನ್ನು ಹೊಕ್ಕಿವೆ. ಕೊಂಬೆಯ ಮೇಲೆ ಒಂದು ಮಾತ್ರ ಕಾಣುತ್ತಿದೆ. ಒಟ್ಟು ಕಪಿಗಳೆಷ್ಟು?

ಬಿಡಿಸಿದರೆ ಎರಡು ಉತ್ತರ ಬರುತ್ತವೆ: 50 ಮತ್ತು 5. ಐವತ್ತರ ಐದರಲ್ಲೊಂದು ಪಾಲು 10, ಮೂರು ಕಳೆದರೆ 7, ಅದರ ವರ್ಗ 49. ಕೊಂಬೆಯ ಕಪಿ ಸೇರಿ 50. ಐದನ್ನು ತೆಗೆದುಕೊಂಡರೆ ಪಾಲು 1. ಮೂರು ಕಳೆದರೆ ಋಣ 2, ವರ್ಗ 4, ಒಂದು ಸೇರಿ 5. ಅಂಕಿಗಳ ಮಟ್ಟಿಗೆ ಎರಡೂ ಸರಿ. ಆದರೂ ಭಾಸ್ಕರನು ಐದನ್ನು ಬಿಟ್ಟನು. ಕಣ್ಣಿಗೆ ಕಾಣುವ ವಸ್ತುಗಳ ಎಣಿಕೆ ಋಣವಾಗುವುದನ್ನು ಲೋಕ ಒಪ್ಪುವುದಿಲ್ಲವೆಂಬುದೇ ಅವನು ಕೊಟ್ಟ ಕಾರಣ.

ಅವನು ಋಣಸಂಖ್ಯೆಗೆ ಅಂಜಿದನೆಂದು ತಿಳಿಯಬಾರದು. ಲೀಲಾವತಿಯಲ್ಲಿ 10 ಮತ್ತು 17 ಬಾಹುಗಳಾಗಿ, 9 ಭೂಮಿಯಾಗಿರುವ ತ್ರಿಭುಜವೊಂದಿದೆ. ಅದರ ಲಂಬವು ಭೂಮಿಯ ಹೊರಗೆ ಬೀಳುತ್ತದೆ. ಭೂಮಿಯ ಒಂದು ಖಂಡ ಋಣ 6 ಎಂದು ಬರುತ್ತದೆ. ಅದನ್ನು ಅವನು ಬಿಡದೆ, ಎದುರು ದಿಕ್ಕಿನದೆಂದು ಅರ್ಥ ಹೇಳುತ್ತಾನೆ. ಎರಡು ಉತ್ತರಗಳು ಬಂದರೆ ಒಂದನ್ನು ಬಿಡಲೇಬೇಕೆಂಬ ನಿಯಮವೂ ಅವನದಲ್ಲ. ಇನ್ನೊಂದು ಲೆಕ್ಕದಲ್ಲಿ ಹಿಂಡಿನ ಎಂಟರಲ್ಲೊಂದು ಪಾಲಿನ ವರ್ಗದಷ್ಟು ಕಪಿಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ 12 ಬೆಟ್ಟದ ಮೇಲಿವೆ. ಅಲ್ಲಿ 16 ಮತ್ತು 48, ಎರಡೂ ಉತ್ತರಗಳು ಅವನಿಗೆ ಸಮ್ಮತ.

ಇಂದಿನ ತರಗತಿಗಳಲ್ಲಿ ವರ್ಗಮೂಲದ ಚಿಹ್ನೆಗೆ ಋಣವಲ್ಲದ ಮೂಲವೆಂದೇ ಅರ್ಥ. ಮೊದಲ ಲೆಕ್ಕವನ್ನು ಆ ಚಿಹ್ನೆಯಿಂದ ಬರೆದರೆ, ಹಿಂಡಿನಲ್ಲಿ ಒಂದನ್ನು ಕಳೆದುದರ ವರ್ಗಮೂಲವು ಐದರಲ್ಲೊಂದು ಪಾಲಿಗಿಂತ ಮೂರು ಕಡಿಮೆ ಎಂದಾಗುತ್ತದೆ. ಐದನ್ನು ಇಟ್ಟು ನೋಡಿ: ಒಂದು ಕಡೆ 2, ಇನ್ನೊಂದು ಕಡೆ ಋಣ 2. ಎರಡು ಕಡೆಗಳನ್ನೂ ವರ್ಗ ಮಾಡಿದಾಗ ಈ ಭೇದ ಅಳಿದು, ಸಲ್ಲದ ಉತ್ತರ ಒಳಗೆ ನುಸುಳುತ್ತದೆ. ಅದನ್ನು ಹಿಡಿಯಬೇಕಾದರೆ ಬಂದ ಉತ್ತರವನ್ನು ಮೊದಲಿನ ಸಮೀಕರಣದಲ್ಲಿಟ್ಟು ಪರೀಕ್ಷಿಸಬೇಕು.

ಕಾವ್ಯವನ್ನು ಪಾಠ ಹೇಳಿದ ನನಗೆ ಇದು ಅಪರಿಚಿತವೆನಿಸುವುದಿಲ್ಲ. ವ್ಯಾಕರಣವು ಒಂದು ಪದ್ಯಕ್ಕೆ ಎರಡು ಅರ್ಥಗಳನ್ನು ಕೊಡಬಹುದು. ಶ್ಲೇಷೆಯಲ್ಲಿ ಎರಡೂ ನಿಲ್ಲುತ್ತವೆ. ಬೇರೆ ಕಡೆ ಪ್ರಕರಣ ಒಂದನ್ನು ತಳ್ಳುತ್ತದೆ. ಸೂತ್ರ ಉತ್ತರಗಳನ್ನು ತಂದುಕೊಡುತ್ತದೆ; ಯಾವುದು ಸಲ್ಲುತ್ತದೆಂಬುದನ್ನು ಪ್ರಶ್ನೆಯನ್ನೇ ಮತ್ತೊಮ್ಮೆ ಓದಿ ತಿಳಿಯಬೇಕು.