ಕಿತ್ತೂರು ಸೀಮೆಯ ಬತ್ತಿ ಬಂದೂಕು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಕೋಟೆ-ವಾಡೆಗಳನ್ನು ಬಹುಕಾಲ ಕಾದದ್ದು ಬತ್ತಿ ಬಂದೂಕು. ದಖ್ಖನಿನಲ್ಲಿ ಇದು ಬಳಕೆಗೆ ಬಂದದ್ದು 16ನೇ ಶತಮಾನದಲ್ಲಿ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು; 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸ್ ಬಂದೂಕುಗಾರರು ಕಾದಿದರು. ಘಟ್ಟದ ಮೇಲಿನ ಸಂಸ್ಥಾನಗಳಲ್ಲೂ ಬಂದೂಕು ಕ್ರಮೇಣ ನೆಲೆಯೂರಿತು.

ಬತ್ತಿ ಬಂದೂಕಿನ ಜೀವಾಳ ಅದರ ನಳಿಗೆ. ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಸಲಾಕೆಗೆ ಸುತ್ತಿ, ಅಂಚಿಗೆ ಅಂಚು ಬೆಸೆದು ಬಡಿದರೆ ನಳಿಗೆ ಸಿದ್ಧವಾಗುತ್ತಿತ್ತು. ಬೆಸುಗೆ ಸಡಿಲಾದರೆ ಹಾರಿಸಿದವನ ಕೈಯಲ್ಲೇ ಅದು ಸಿಡಿಯುತ್ತಿತ್ತು. ಆದ್ದರಿಂದ ಭಾರತೀಯ ಕುಶಲಕರ್ಮಿಗಳು ನಳಿಗೆಯನ್ನು ದಪ್ಪವಾಗಿ ಮಾಡುತ್ತಿದ್ದರು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಮದ್ದನ್ನು ಬಾಯಿಯಿಂದ ಸುರಿದು, ಗುಂಡು ಹಾಕಿ, ಗಜದಿಂದ ಗಿಡಿಯಬೇಕು. ನಳಿಗೆಯ ಪಕ್ಕದ ಪುಟ್ಟ ಬಟ್ಟಲಲ್ಲಿ ನುಣ್ಣನೆಯ ಮದ್ದು ಇರುತ್ತದೆ. ಟ್ರಿಗರ್ ಎಳೆದಾಗ ಸಣ್ಣಗೆ ಉರಿಯುವ ಹುರಿಬತ್ತಿ ಬಟ್ಟಲಿಗೆ ಬಾಗಿ ಕಿಡಿ ಮುಟ್ಟಿಸುತ್ತದೆ. ಮಳೆಯಲ್ಲಿ ಬತ್ತಿ ಆರುವುದು, ಕತ್ತಲಲ್ಲಿ ಅದರ ಕೆಂಪು ಶತ್ರುವಿಗೆ ಕಾಣುವುದು ಇದರ ದೊಡ್ಡ ಕೊರತೆಗಳು.

ಯುರೋಪಿನಲ್ಲಿ ಈ ಕೊರತೆ ನೀಗಲೆಂದೇ ಸುಮಾರು 1500ರ ಹೊತ್ತಿಗೆ ಚಕ್ರದ ಪಿಸ್ತೂಲಿನ ಕಲ್ಪನೆ ಮೂಡಿತು. ಕೀಲಿಯಿಂದ ತಿರುಗಿಸಿ ಬಿಗಿದ ಸ್ಪ್ರಿಂಗು ಹಲ್ಲುಳ್ಳ ಉಕ್ಕಿನ ಚಕ್ರವನ್ನು ತಿರುಗಿಸುತ್ತದೆ. ಪೈರೈಟ್ ಕಲ್ಲು ಅದಕ್ಕೆ ಉಜ್ಜಿ ಕಿಡಿ ಹಾರುತ್ತದೆ. ಉರಿಯುವ ಬತ್ತಿ ಬೇಡವಾದ್ದರಿಂದ ಕುದುರೆ ಸವಾರನೂ ಇದನ್ನು ತುಂಬಿಟ್ಟುಕೊಳ್ಳಬಹುದಿತ್ತು. ನ್ಯೂರೆಂಬರ್ಗ್, ಆಗ್ಸ್‌ಬರ್ಗ್ ಪಟ್ಟಣಗಳ ಕುಶಲಿಗರು ಇದರ ಹಿಡಿಗೆ ಜಿಂಕೆ ಕೊಂಬು, ದಂತ ಕೂರಿಸಿದರು. ಮ್ಯೂನಿಕ್ಕಿನ ಪೀಟರ್ ಪೆಕ್ 1540ರ ದಶಕದಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ಗೆ ಜೋಡಿನಳಿಗೆಯ ಪಿಸ್ತೂಲು ಮಾಡಿಕೊಟ್ಟ. ಆದರೆ ಬಿಡಿಭಾಗಗಳು ಹಲವು, ಬೆಲೆ ದುಬಾರಿ, ಕೆಟ್ಟರೆ ನುರಿತವರೇ ರಿಪೇರಿ ಮಾಡಬೇಕು. ಭಾರತದಲ್ಲಿ ಅದು ಬೇರೂರಲಿಲ್ಲ. ಬತ್ತಿ ಬಂದೂಕಿನ ಸರಳತೆಯೇ ಅದರ ಬಲವಾಯಿತು.

ಕರ್ನಾಟಕದಲ್ಲಿ ಯುರೋಪಿನ ಯಂತ್ರವನ್ನು ಸರಿಗಟ್ಟಿದ ಕೆಲಸ ನಡೆದದ್ದು ಶ್ರೀರಂಗಪಟ್ಟಣದಲ್ಲಿ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಕಾರ್ಖಾನೆಗಳು ಚಕಮಕಿ ಕಲ್ಲಿನ ಬಂದೂಕು, ಪಿಸ್ತೂಲುಗಳನ್ನು ಹುಲಿ ಪಟ್ಟೆಯ ಅಲಂಕಾರದೊಂದಿಗೆ ತಯಾರಿಸಿದವು. 1785ರಲ್ಲಿ ನರಗುಂದ, ಕಿತ್ತೂರುಗಳನ್ನು ಗೆದ್ದದ್ದು ಈ ಟಿಪ್ಪುವಿನ ಸೈನ್ಯವೇ.

ಕಿತ್ತೂರಿನ ಬಂದೂಕಿಗೆ ಚರಿತ್ರೆಯಲ್ಲಿ ಸ್ಥಾನ ಸಿಕ್ಕಿದ್ದು 1824ರಲ್ಲಿ. ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜನ ದತ್ತಕವನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪದಿದ್ದಾಗ ರಾಣಿ ಚೆನ್ನಮ್ಮ ಮಣಿಯಲಿಲ್ಲ. ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಬಾಗಿಲಲ್ಲಿ ಹತನಾದ. ಅವನಿಗೆ ಗುಂಡಿಟ್ಟವನು ಅಮಟೂರ ಬಾಳಪ್ಪ ಎಂದು ನಾಡು ನೆನೆಯುತ್ತದೆ. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಬೈಲಹೊಂಗಲದ ಸೆರೆಯಲ್ಲಿ ಚೆನ್ನಮ್ಮ 1829ರಲ್ಲಿ ತೀರಿಕೊಂಡರು. ಊರುಗಾವಲಿಗೆ ಪ್ರತಿಯಾಗಿ ಭೂಮಿ ಪಡೆಯುತ್ತಿದ್ದ ಶೇತಸನದಿಗಳಲ್ಲೊಬ್ಬನಾದ ಸಂಗೊಳ್ಳಿ ರಾಯಣ್ಣ ಹೋರಾಟ ಮುಂದುವರಿಸಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ. ಊರಿನವನ ಕೈಯಲ್ಲಿ ಆಯುಧವಿದ್ದರೆ ಏನಾದೀತು ಎಂಬುದು ಸರ್ಕಾರಕ್ಕೆ ಮನದಟ್ಟಾಯಿತು.

1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯಿದೆ ಬಂತು. ಬೇಟೆ, ಕಾವಲನ್ನೇ ನಂಬಿದ್ದ ಹಲಗಲಿಯ ಬೇಡರು ಒಪ್ಪಲಿಲ್ಲ. ಸೈನ್ಯ ಊರಿಗೆ ಬೆಂಕಿ ಹಚ್ಚಿತು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಆ ಕಥೆ ಲಾವಣಿಯಾಗಿ ಉಳಿದಿದೆ. ನಿಶ್ಶಸ್ತ್ರೀಕರಣ ನರಗುಂದದ ದೊರೆ ಬಾಬಾಸಾಹೇಬನನ್ನೂ ಕೆರಳಿಸಿತ್ತು. 1858ರ ಮೇ 29ರ ರಾತ್ರಿ ರಾಮದುರ್ಗ ಸೀಮೆಯ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಅವನ ಕಡೆಯವರಿಂದ ಹತನಾದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು.

1878ರ ಶಸ್ತ್ರಾಸ್ತ್ರ ಕಾಯಿದೆ ಬಂದೂಕು ಇಟ್ಟುಕೊಳ್ಳುವುದಕ್ಕೂ ತಯಾರಿಸುವುದಕ್ಕೂ ಪರವಾನಗಿ ಕಡ್ಡಾಯ ಮಾಡಿತು. ಕೊಡವರಿಗೆ ವಿನಾಯಿತಿ ಸಿಕ್ಕಿದ್ದರಿಂದ ಕೊಡಗಿನ ಮನೆಗಳಲ್ಲಿ ಕೋವಿ ಇಂದಿಗೂ ಪೂಜೆ ಪಡೆಯುತ್ತದೆ. ಕಿತ್ತೂರು ಸೀಮೆಗೆ ಅಂಥ ವಿನಾಯಿತಿ ದೊರೆಯಲಿಲ್ಲ.