ತಾಳೆಬೀಜದ ತಿರುಳು: ಎರಡು ದೇಶಗಳ ಲೆಕ್ಕ

ಅಂಕಿಅಂಶಗಳ ಕೋಷ್ಟಕವನ್ನು ಓದುವಾಗ ಅವಸರ ಸಲ್ಲದೆಂದು ತರಗತಿಯಲ್ಲಿ ಹೇಳುತ್ತಿದ್ದೆ. ಅದಕ್ಕೊಂದು ನಿದರ್ಶನವಿದು.

ಎಣ್ಣೆತಾಳೆಯ ತವರು ಪಶ್ಚಿಮ ಆಫ್ರಿಕ. 1960ರಲ್ಲಿ ಸ್ವತಂತ್ರವಾದ ನೈಜೀರಿಯವು ಆ ವರ್ಷ ಸುಮಾರು 4 ಲಕ್ಷ ಟನ್ ತಾಳೆಬೀಜದ ತಿರುಳನ್ನು ರಫ್ತು ಮಾಡಿ ಜಗತ್ತಿನಲ್ಲಿಯೇ ಮೊದಲ ಸ್ಥಾನದಲ್ಲಿತ್ತು. ಮಲಯದ ರಫ್ತು ಅದರ ಹತ್ತನೆಯ ಒಂದು ಪಾಲಿನಷ್ಟೂ ಇರಲಿಲ್ಲ.

ಪೂರ್ವ ನೈಜೀರಿಯದ ಇಗ್ಬೋ ಮನೆಗಳಲ್ಲಿ ಎಣ್ಣೆಯ ಹಣ ಗಂಡಸರದಾಗಿತ್ತು. ಬೀಜವನ್ನು ಕಲ್ಲಿನಿಂದ ಒಡೆದು ತೆಗೆದ ತಿರುಳಿನ ಹಣ ಹೆಂಗಸರದಾಗಿತ್ತು. 1929ರಲ್ಲಿ ಬೆಲೆ ಕುಸಿದು, ತಮ್ಮ ಮೇಲೂ ತೆರಿಗೆ ಬೀಳುವುದೆಂಬ ಸುದ್ದಿ ಹಬ್ಬಿದಾಗ ಸಾವಿರಾರು ಹೆಂಗಸರು ಬ್ರಿಟಿಷ್ ಆಡಳಿತದ ವಿರುದ್ಧ ಬೀದಿಗಿಳಿದರು. ಸುಮಾರು ಐವತ್ತು ಮಂದಿ ಗುಂಡಿಗೆ ಬಲಿಯಾದರು.

1967ರಿಂದ 1970ರವರೆಗಿನ ಅಂತರ್ಯುದ್ಧವು ಈ ತಾಳೆಸೀಮೆಯನ್ನೇ ಹಾಳುಗೆಡವಿತು. ಬಳಿಕ ದೇಶದ ಗಮನವೆಲ್ಲ ಪೆಟ್ರೋಲಿಯಂ ಕಡೆಗೆ ಹರಿಯಿತು.

ಅತ್ತ ಮಲೇಷಿಯದಲ್ಲಿ ತಾಳೆತೋಟಗಳು ಹಬ್ಬಿದವು. ಆದರೂ ಮುಂದೆ ಅದರ ತಿರುಳಿನ ರಫ್ತು ನಿಂತೇಹೋಯಿತೆನ್ನುವಷ್ಟು ಇಳಿಯಿತು! ಕಾರಣ, ತಿರುಳನ್ನು ತನ್ನ ಗಿರಣಿಗಳಲ್ಲಿಯೇ ಅರೆದು ಎಣ್ಣೆಯನ್ನೂ ಹಿಂಡಿಯನ್ನೂ ಮಾರತೊಡಗಿತು. ನೈಜೀರಿಯದ ತಿರುಳನ್ನು ಅರೆದ ಲಾಭವಾದರೋ ಬಹುಕಾಲ ಯೂರೋಪಿನ ಗಿರಣಿಗಳ ಪಾಲಾಗಿತ್ತು.

ದೊಡ್ಡ ಅಂಕಿಯೆಲ್ಲ ಸಂಪತ್ತಲ್ಲ, ಸಣ್ಣ ಅಂಕಿಯೆಲ್ಲ ಬಡತನವಲ್ಲ. ಬೀಜ ಒಡೆದ ಕೈಗಳಂತೂ ಯಾವ ಕೋಷ್ಟಕದಲ್ಲಿಯೂ ಕಾಣವು.